ಎಲ್ಲಿಗೆ ಎಂದು ಕೇಳಲಾರದ ಕಂಡಕ್ಟರು

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ನಮ್ಮ ಕಡೆ ಮಕ್ಕಳಿಗೆ ಹಲ್ಲು ಬರುವುದಕ್ಕೆ ಮೊದಲೇ ಈ ಬುದ್ಧಿ ಬಂದಿರುತ್ತದೆ. ಒಬ್ಬ ಮನುಷ್ಯ ಮುಖ ತೊಳೆದು, ಹಣೆಗಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊಸಿಲು ದಾಟಿದನೆಂದರೆ ಏನೋ ಒಂದು ಕೆಲಸ ನೆನೆದುಕೊಂಡು ಹೊರಟಿದ್ದಾನೆ ಎಂದೇ ಲೆಕ್ಕ. ಎದುರಿಗೆ ಸಿಕ್ಕವರು ‘ದೂರ ಹೊರಟ್ರಾ?’ ಅನ್ನಬಹುದು, ‘ಹೋಗ್ಬನ್ನಿ’ ಅನ್ನಬಹುದು, ಏನೂ ಅನ್ನದೆ ಕಟ್ಟಿದ ದನದ ಕಡೆ ನೋಡುತ್ತಾ ನಿಲ್ಲಬಹುದು. ‘ಎಲ್ಲಿಗೆ?’ ಅಂದರೋ, ಹೋದ ಕೆಲಸ ಕೆಟ್ಟಿತು. ಕೇಳಿಸಿಕೊಂಡವನು ಹಿಂದಕ್ಕೆ ಬಂದು, ಜಗಲಿಯ ಮೇಲೆ ಒಂದು ಗಳಿಗೆ ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಕೇಳಿದವನಿಗೆ ಬೈಗುಳ ಬೇರೆ.

ಇಂಥ ಊರಿನಲ್ಲಿ ಬೆಳೆದ ಧನ್ಯಶ್ರೀಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತು.

ಸಿಕ್ಕಿತು ಅಂದರೆ ಇನ್ನೂ ಕೈಗೆ ಬಂದಿರಲಿಲ್ಲ. ಸರ್ಕಾರಿ ಬಸ್ಸಿನವರು ತರಬೇತಿಗೆ ಕರೆದಿದ್ದರು. ತರಬೇತಿ ದಾಟಿದರೆ ಖಾಕಿ ಬಟ್ಟೆ, ಟಿಕೆಟ್ ಮಿಷಿನ್ನು, ಬಾಯಲ್ಲಿ ಸೀಟಿ, ಎಲ್ಲ ಕಾಯಂ. ದಾಟದಿದ್ದರೆ ಮತ್ತೆ ಕಲ್ಬಾವಿ ಪಾಳ್ಯದ ಮನೆ, ಅಟ್ಟದ ಮೇಲಿನ ಕಾಯಿ.

ಕಲ್ಬಾವಿ ಪಾಳ್ಯ ಅಂದರೆ ತುರುವೇಕೆರೆಗೂ ನೊಣವಿನಕೆರೆಗೂ ನಡುವೆ, ರಸ್ತೆ ಪಕ್ಕದ ಒಂದು ಹುಣಸೆಮರ. ಊರು ಅದರ ಹಿಂದೆ ತೆಂಗಿನ ತೋಟದೊಳಗೆ ಎಲ್ಲೋ ಇದೆ. ಧನ್ಯಶ್ರೀ ಹೈಸ್ಕೂಲಿಗೆ ಹೋಗುವಾಗ ಆ ಮರದಡಿ ನಿಂತು ಕೈ ಅಡ್ಡ ಹಾಕಿದಷ್ಟು ಸಲ ಯಾವ ಪೊಲೀಸಿನವನೂ ಹಾಕಿರಲಾರ. ಬಸ್ಸು ನಿಲ್ಲುತ್ತಿರಲಿಲ್ಲ. ಹಿಂದಿನ ಬಾಗಿಲಿನಲ್ಲಿ ಜೋತಾಡುತ್ತಿದ್ದ ಕಂಡಕ್ಟರು, “ಹಿಂದೆ ಖಾಲಿ ಬಸ್ ಬತ್ತೈತೆ!” ಎಂದು ಕೂಗಿ, ಧೂಳಿನಲ್ಲಿ ಮರೆಯಾಗುತ್ತಿದ್ದ. ಆ ಖಾಲಿ ಬಸ್ಸು ಇವತ್ತಿನವರೆಗೂ ಬಂದಿಲ್ಲ. ಒಂದು ದಿನ ತಾನೇ ಆ ಬಾಗಿಲಲ್ಲಿ ನಿಂತು, ಹುಣಸೆಮರದ ಹತ್ತಿರ ‘ಹೋಲ್ಡಾನ್’ ಅನ್ನಬೇಕು ಎಂದು ಅವಳು ಆಗಲೇ ಗಟ್ಟಿ ಮಾಡಿಕೊಂಡಿದ್ದಳು. ಓದಿದ್ದು, ಅರ್ಜಿ ಹಾಕಿದ್ದು ಎಲ್ಲ ಆಮೇಲಿನ ಮಾತು.

ಅಡ್ಡ ಬಂದದ್ದು ನಾಲಿಗೆ. ಅದಕ್ಕೆ ಕಾರಣ ಸೋದರಮಾವ ಶಿವಣ್ಣ.

ಧನ್ಯಶ್ರೀ ಬೆಳೆದದ್ದು ತಾಯಿಯ ತವರಿನಲ್ಲಿ, ಅಜ್ಜಿ ತಿಮ್ಮಕ್ಕನ ಕೈಯಲ್ಲಿ. ಅವಳಿಗೆ ಮುಂದಿನ ಹಲ್ಲು ಬಿದ್ದಿದ್ದ ವಯಸ್ಸಿನಲ್ಲಿ ಒಂದು ದಿನ ಶಿವಣ್ಣ ಗಂಜಿ ಹಾಕಿದ ಬಿಳೀ ಅಂಗಿ ತೊಟ್ಟು, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೆಣ್ಣು ನೋಡಲು ಹೊರಟಿದ್ದ. ಅವನು ಹೊಸಿಲು ದಾಟುವುದಕ್ಕೂ, ಜಗಲಿಯ ಮೇಲೆ ಹುಣಸೆಬೀಜ ಆಡುತ್ತಿದ್ದ ಧನ್ಯಶ್ರೀ ಕತ್ತೆತ್ತಿ, “ಎಲ್ಲಿಗೆ ಮಾವಾ?” ಅನ್ನುವುದಕ್ಕೂ ಸರಿಹೋಯಿತು.

ಮನೆಯಲ್ಲಿ ಹಾವು ಹೊಕ್ಕಷ್ಟು ಗಲಾಟೆಯಾಯಿತು. ತಿಮ್ಮಕ್ಕ ಮಗನನ್ನು ಒಳಗೆಳೆದು ಕೂರಿಸಿ ನೀರು ಕುಡಿಸಿದಳು. ನೀರು ಗಂಟಲಿಗೆ ಸಿಕ್ಕಿ ಕೆಮ್ಮಿ, ಬಿಳೀ ಅಂಗಿ ಒದ್ದೆಯಾಯಿತು. ಒದ್ದೆ ಅಂಗಿಯಲ್ಲೇ ಹೋದ. ಹೆಣ್ಣಿನ ಕಡೆಯವರು, “ಹುಡುಗಿನ ಇನ್ನೂ ಓದುಸ್ತೀವಿ” ಎಂದು ಕೈ ಮುಗಿದರು. ಆಮೇಲೆ ನೋಡಿದ ಹೆಣ್ಣುಗಳೆಲ್ಲ ಓದುತ್ತಲೇ ಹೋದವು. ಶಿವಣ್ಣನಿಗೆ ಈಗ ನಲವತ್ತು ದಾಟಿದೆ. ತಪ್ಪಿದ ಹೆಣ್ಣು, ಉದುರಿದ ಕೂದಲು, ಬಂದ ಹೊಟ್ಟೆ, ಎಲ್ಲವೂ ಧನ್ಯಶ್ರೀಯ ಲೆಕ್ಕಕ್ಕೇ.

“ನೀನು ಅವತ್ತು ಬಾಯಿ ಮುಚ್ಕೊಂಡಿದ್ದಿದ್ರೆ ನನ್ ಮಗ ಈಗ ಪಿಯುಸಿ ಓದ್ತಿದ್ದ ಕಣೇ,” ಎಂದು ಅವನು ಹಬ್ಬಕ್ಕೊಂದು ಸಲ ಅನ್ನುತ್ತಾನೆ.

ಧನ್ಯಶ್ರೀ ಡಿಗ್ರಿ ಮಾಡಿದ್ದಳು. ಇದನ್ನೆಲ್ಲ ನಂಬುತ್ತೇನೆ ಎಂದು ಯಾರ ಮುಂದೆಯೂ ಒಪ್ಪಿದವಳಲ್ಲ. ನಂಬದಿದ್ದರೇನು, ಆ ಮಾತು ಬಾಯಿಗೆ ಬಂದ ಕೂಡಲೇ ಒದ್ದೆ ಅಂಗಿಯ ಮಾವ ಕಣ್ಣ ಮುಂದೆ ಬಂದು ಕೆಮ್ಮುತ್ತಿದ್ದ.

ತರಬೇತಿ ತಿಪಟೂರಿನಲ್ಲಿ. ಪಾಠ ಹೇಳುತ್ತಿದ್ದವರು ಚೆಕಿಂಗ್ ಇನ್ಸ್‌ಪೆಕ್ಟರ್ ಮಹಾಂತೇಶ್. ಅವರು ಸ್ವತಃ ನೊಣವಿನಕೆರೆಯವರು. ಮೀಸೆಯನ್ನೂ ಮಾತನ್ನೂ ಕತ್ತರಿಸಿ ಇಟ್ಟುಕೊಂಡ ಮನುಷ್ಯ. ಮಿಷಿನ್ನಿನ ಗುಂಡಿ ಒತ್ತುವುದು, ಊರು ದಾಟಿದ ಹಾಗೆ ಸ್ಟೇಜು ಬದಲಾಯಿಸುವುದು, ಚಿಲ್ಲರೆ ಕೊಡುವುದು, ಹೆಂಗಸರ ಗುರುತಿನ ಕಾರ್ಡು ನೋಡುವುದು, ಕುಡಿದು ಬಂದವನನ್ನು ಮುಟ್ಟದೆ ಇಳಿಸುವುದು, ಎಲ್ಲದರಲ್ಲೂ ಧನ್ಯಶ್ರೀಯೇ ಮುಂದು. ಅವಳು ಸೀಟಿ ಊದಿದರೆ ಡಿಪೋದ ನಾಯಿಗಳು ಎದ್ದು ನಿಲ್ಲುತ್ತಿದ್ದವು.

ಕೊನೆಗೆ ಮಹಾಂತೇಶ್ ಬೆಂಚಿನ ಮೇಲೆ ಕೂತು, “ನಾನು ಪ್ಯಾಸೆಂಜರ್ರು. ಕೇಳಮ್ಮ,” ಅಂದರು. ಕೇಳಬೇಕಾದದ್ದು ಬೋರ್ಡಿನ ಮೇಲೆ ಬರೆದೇ ಇತ್ತು. ‘ನಮಸ್ಕಾರ. ತಾವು ಎಲ್ಲಿಗೆ ಹೋಗಬೇಕು?’

“ನಮಸ್ಕಾರ,” ಅಂದಳು ಧನ್ಯಶ್ರೀ. ಅಲ್ಲಿಗೆ ನಿಂತಳು. “ದೂರ ಹೊರಟ್ರಾ ಸಾರ್?”

ಕ್ಲಾಸು ಗೊಳ್ಳೆಂದಿತು.

“ದೂರ, ಹತ್ರ ಅಂತ ಮಿಷಿನ್ನಲ್ಲಿ ಬಟನ್ ಐತೇನಮ್ಮ?”

“ಇಲ್ಲ ಸಾರ್.”

“ಮತ್ತೆ ಕೇಳು.”

“ಹೋಗ್ಬನ್ನಿ ಸಾರ್.”

ಮಹಾಂತೇಶರಿಗೆ ಕಾರಣ ಗೊತ್ತಾಗದೆ ಇರಲಿಲ್ಲ. “ನೋಡಮ್ಮ, ನಾನೂ ನಿಮ್ಮ ಕಡೆಯವನೇ. ನಮ್ಮಜ್ಜಿನೂ ಹಿಂಗೇ ಹೇಳ್ತಿದ್ಲು, ಬೆಕ್ಕು ಅಡ್ಡ ಬಂದ್ರೆ ನಿಲ್ಲು, ಒಂಟಿ ಸೀನು ಸೀನಿದ್ರೆ ಕೂತ್ಕೋ ಅಂತ. ಎಲ್ಲಾನೂ ಬುಟ್ಟಾಕಿದ್ದೀನಿ. ಮೂಢನಂಬಿಕೆ ಇಟ್ಕೊಂಡು ಬಸ್ ಓಡ್ಸಕ್ಕಾಗಲ್ಲ. ಈಗ ಹಳೇ ಕಂಡಕ್ಟರ್ ಜೊತೆ ಲೈನಿಗೆ ಹೋಗು. ತರಬೇತಿ ಮುಗಿಯೋ ಹೊತ್ತಿಗೆ ನಾನೇ ಬಸ್ ಹತ್ತಿ ನೋಡ್ತೀನಿ. ಅವತ್ತೂ ಕೇಳ್ಲಿಲ್ಲ ಅಂದ್ರೆ ನಾನು ಸಹಿ ಹಾಕಲ್ಲ. ಅಷ್ಟೇ.”

ಹಳೇ ಕಂಡಕ್ಟರು ಗಂಗರಾಜು. ನಿವೃತ್ತಿ ಹತ್ತಿರವಾಗಿತ್ತು. ತುರುವೇಕೆರೆ–ತಿಪಟೂರು ರಸ್ತೆಯ ಒಂದೊಂದು ಗುಂಡಿಗೂ ಅವರ ಮಂಡಿಗೂ ಹಳೇ ನೆಂಟಸ್ತನ. ಡ್ರೈವರ್ ದುರ್ಗಯ್ಯ. ಅವನು ಹಿಂದೆ ತಿರುಗಿ ನೋಡದೆಯೇ ಬಸ್ಸಿನೊಳಗಿನ ಎಲ್ಲ ಮಾತಿಗೂ ಉತ್ತರ ಕೊಡುವವನು.

ಮೊದಲ ದಿನ ಧನ್ಯಶ್ರೀ ಒಬ್ಬೊಬ್ಬರ ಮುಂದೆಯೂ ನಿಂತು, ‘ಎಲ್’ ಎಂದು ಶುರುಮಾಡಿ, ಕೆಮ್ಮಿ, ಸುಮ್ಮನಾಗುತ್ತಿದ್ದಳು. ಹುಡುಗಿಗೆ ಗಂಟಲು ಕೆಟ್ಟಿದೆ ಎಂದುಕೊಂಡ ಗಂಗರಾಜು ಮಾರನೆಯ ದಿನ ಮನೆಯಿಂದ ಮೆಣಸಿನ ಕಷಾಯ ತಂದರು. ಅದರ ಮಾರನೆಯ ದಿನ ಜೇನುತುಪ್ಪ. ಹೊಟ್ಟೆಯಲ್ಲಿ ಕಷಾಯ ಕುದಿಯತೊಡಗಿದಾಗ ಧನ್ಯಶ್ರೀ ತಡೆಯಲಾರದೆ ನಿಜ ಹೇಳಿಬಿಟ್ಟಳು. ಶಿವಣ್ಣ ಮಾವನ ಕಥೆಯನ್ನೂ ಬಿಡಲಿಲ್ಲ.

ಗಂಗರಾಜು ನಗಲಿಲ್ಲ. ಮುಖ ಸಣ್ಣದಾಯಿತು. “ಅಲ್ಲ ಕಣಮ್ಮ, ನಾನು ಮೂವತ್ತು ವರ್ಷದಿಂದ ಸಿಕ್ಸಿಕ್ಕಿದೋರ್ನೆಲ್ಲ ಕೇಳ್ತಾ ಬಂದಿದ್ದೀನಲ್ಲ. ಎಷ್ಟು ಜನದ ಕೆಲಸ ಕೆಡ್ಸಿದ್ದೀನೋ ಏನೋ!”

“ಅದಕ್ಕೇ ಮತ್ತೆ,” ಎಂದಿತು ಮುಂದಿನಿಂದ ದುರ್ಗಯ್ಯನ ಬೆನ್ನು. “ಈ ರೋಡ್ ಮಾಡುಸ್ಬೇಕು ಅಂತ ಯಾವನೋ ಎಂಜಿನಿಯರು ನಮ್ ಬಸ್ಸಲ್ಲೇ ಹೊರಟಿರ್ತಾನೆ. ಗಂಗರಾಜಣ್ಣ ಎಲ್ಲಿಗೆ ಅಂತ ಕೇಳಿರ್ತಾನೆ. ರೋಡು ಹಿಂಗೇ ಉಳ್ಕಂಡೈತೆ.”

“ನೀನು ಗೇರ್ ಹಾಕಪ್ಪ ಸುಮ್ನೆ,” ಅಂದರು ಗಂಗರಾಜು. ಆದರೆ ಅವತ್ತು ಸಂಜೆಯವರೆಗೂ ಅವರೂ ಸರಿಯಾಗಿ ಟಿಕೆಟ್ ಕೇಳಲಿಲ್ಲ.

ಕೇಳಲಾಗದಿದ್ದರೆ ಕಂಡುಹಿಡಿದರಾಯಿತು ಎಂದು ಧನ್ಯಶ್ರೀ ಬೇರೆ ದಾರಿ ಹಿಡಿದಳು. ಮನುಷ್ಯರ ಕೈ ನೋಡುವಳು. ಎಕ್ಸ್‌ರೇ ಕವರು ಇದ್ದರೆ ತಿಪಟೂರು, ಆಸ್ಪತ್ರೆ ಸ್ಟಾಪು. ಕಾಯಿ, ಹೂವು, ಬಾಳೆಹಣ್ಣು ಇದ್ದರೆ ನೊಣವಿನಕೆರೆ ಮಠ. ರೇಷ್ಮೆ ಸೀರೆ ಉಟ್ಟು, ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ಹಿಡಿದಿದ್ದರೆ ಮದುವೆ ಮಂಟಪ. ಹೆಂಗಸರಿಗೆ ದುಡ್ಡಿಲ್ಲ, ಆದರೆ ಚೀಟಿ ಬೇಕು. ಚೀಟಿಗೆ ಊರು ಬೇಕು. “ನೊಣವಿನಕೆರೆ ಒಂದಲ್ವಾ ಅಮ್ಮ?” ಎಂದು ಚೀಟಿ ಹರಿದೇಬಿಡುವಳು.

ಹತ್ತಕ್ಕೆ ಒಂಬತ್ತು ಸರಿಹೋಗುತ್ತಿತ್ತು. ಜನ ಬೆರಗಾದರು. ದಿನಾ ಸೊಪ್ಪಿನ ಬುಟ್ಟಿ ತರುತ್ತಿದ್ದ ನಿಂಗಮ್ಮ ಅಂತೂ ಒಂದು ದಿನ ಬುಟ್ಟಿ ಕೆಳಗಿಟ್ಟು ಅಂಗೈ ಚಾಚಿಬಿಟ್ಟಳು. “ಮನಸಲ್ಲಿರೋದು ಹೇಳ್ತೀಯಲ್ಲವ್ವ, ನನ್ನ ಸೊಸೆ ತವರಿಂದ ಯಾವಾಗ ಬತ್ತಾಳೆ, ಅದೊಂದು ನೋಡಿ ಹೇಳು ತಾಯಿ.”

“ಬರಂಗೆ ಮಾತಾಡು, ಬತ್ತಾಳೆ,” ಎಂದಿತು ದುರ್ಗಯ್ಯನ ಬೆನ್ನು.

ಕೆಟ್ಟದ್ದು ಆ ಹತ್ತನೆಯದು. ಅಲ್ಲೂ ಧನ್ಯಶ್ರೀ ಹೇಳಿದ್ದು ಸರಿಯೇ ಇತ್ತು, ಹೇಳಬಾರದಾಗಿತ್ತು ಅಷ್ಟೆ.

ನೊಣವಿನಕೆರೆಯ ಸದಾಶಿವಯ್ಯನವರಿಗೂ ಅವರ ತಮ್ಮನಿಗೂ ತೋಟ ಒಂದೇ, ಅಟ್ಟ ಒಂದೇ. ಕಾಯಿ ಅಟ್ಟಕ್ಕೆ ಹಾಕಿ ವರ್ಷಕ್ಕೆ ಬಂದಿತ್ತು. ಒಳಗೆ ನೀರು ಆರಿ ಕೊಬ್ಬರಿ ಗಿಟಕಾಗಿ, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತಿತ್ತು. ರೇಟು ಏರಲಿ, ಇಬ್ಬರೂ ಕೂಡಿಯೇ ಮಾರೋಣ, ಒಬ್ಬರಿಗೆ ಹೇಳದೆ ಒಬ್ಬರು ಮಾರ್ಕೆಟ್ಟಿನ ಕಡೆ ತಲೆ ಹಾಕಬಾರದು ಎಂದು ಅಣ್ಣತಮ್ಮ ದೇವರ ಮುಂದೆ ಮಾತಾಡಿಕೊಂಡಿದ್ದರು. ಒಂದು ಬೆಳಿಗ್ಗೆ ಸದಾಶಿವಯ್ಯ ಮುಂದಿನ ಬಾಗಿಲಲ್ಲಿ ಹತ್ತಿ ಕೂತರು. ತೊಡೆಯ ಮೇಲೆ ಬಟ್ಟೆಚೀಲ. ಚೀಲದಲ್ಲಿ ದುಂಡಗೆ ನಾಲ್ಕಾರು ಉಬ್ಬು. ಕೊಬ್ಬರಿಯ ನಾಡಿನಲ್ಲಿ ಹುಟ್ಟಿದವಳಿಗೆ ಅಷ್ಟು ತಿಳಿಯದೇ?

“ತಿಪಟೂರು ಮಾರ್ಕೆಟ್ ಒಂದಲ್ವಾ ಯಜಮಾನ್ರೇ? ಕೊಬ್ಬರಿ ಸ್ಯಾಂಪಲ್ ತೋರ್ಸಕ್ಕೆ?” ಅಂದಳು, ಹಿಂದಿನ ಸೀಟಿನವರೆಗೂ ಕೇಳುವಂತೆ.

ಹಿಂದಿನ ಸೀಟಿನಲ್ಲಿ ಪೇಪರು ಹಿಡಿದಿದ್ದ ಒಬ್ಬರ ಪೇಪರು ಮೆಲ್ಲಗೆ ಇಳಿಯಿತು. ಅದರ ಹಿಂದಿದ್ದದ್ದು ತಮ್ಮನ ಮುಖ.

“ಅಣ್ಣಾ! ಮೊಮ್ಮಗನ ಸ್ಕೂಲಿಗೆ ಹೋಗ್ಬತ್ತೀನಿ ಅಂದಿದ್ದೆ?”

“ನೀನು ಹಲ್ಲು ಕೀಳ್ಸಕ್ಕೆ ಹೋಯ್ತೀನಿ ಅಂದಿದ್ದೆಯಲ್ಲೋ!”

ತಮ್ಮ ಸಿಟ್ಟಿನಲ್ಲಿ ಎದ್ದು ನಿಂತ. ಅವನ ತೊಡೆಯ ಮೇಲೂ ಒಂದು ಚೀಲವಿತ್ತು. ಅದು ಕೆಳಗೆ ಬಿತ್ತು. ದುರ್ಗಯ್ಯ ಅದೇ ಹೊತ್ತಿಗೆ ಎಮ್ಮೆಯೊಂದಕ್ಕೆ ಬ್ರೇಕು ಹಾಕಿದ. ಉಂಡೆ ಕೊಬ್ಬರಿಗಳು ಗಡಗಡ ಉರುಳಿಕೊಂಡು ಬಸ್ಸಿನ ಉದ್ದಕ್ಕೂ ಬಂದು, ಸದಾಶಿವಯ್ಯನವರ ಕಾಲಬುಡದಲ್ಲಿ ನಿಂತವು. ಸದಾಶಿವಯ್ಯ ಒಂದನ್ನು ಎತ್ತಿ ಮೂಸಿ ನೋಡಿದರು. “ಲೇ, ನಮ್ಮ ಅಟ್ಟದ್ದೇ ಕಣ್ಲಾ ಇದು!”

“ಹಲ್ಲು ಭಾಳ ದಪ್ಪ ಅವೆ ಸ್ವಾಮಿ ನಿಮ್ಮ ತಮ್ಮಂದು,” ಎಂದಿತು ದುರ್ಗಯ್ಯನ ಬೆನ್ನು.

ಅಣ್ಣತಮ್ಮ ಇಬ್ಬರೂ ಸೇರಿ ಡಿಪೋಗೆ ಹೋಗಿ ಧನ್ಯಶ್ರೀಯ ಮೇಲೆ ದೂರು ಕೊಟ್ಟರು. ಬಹಳ ಕಾಲದ ಮೇಲೆ ಅವರು ಒಮ್ಮತದಿಂದ ಮಾಡಿದ ಕೆಲಸ ಅದು. ಮಹಾಂತೇಶ್ ಗಂಗರಾಜುವನ್ನು ಕರೆದು, “ಪ್ಯಾಸೆಂಜರ್ ಚೀಲದಲ್ಲಿ ಏನೈತೆ ಅಂತ ಹೇಳೋದು ಕಂಡಕ್ಟರ್ ಕೆಲಸ ಅಲ್ಲ. ಬರೋ ಸೋಮವಾರ ಬತ್ತೀನಿ. ಅವಳು ಬಾಯಿ ಬಿಟ್ಟು ಕೇಳ್ಬೇಕು. ಇಲ್ಲಾಂದ್ರೆ ಮನೆಗೆ ಕಳ್ಸೋದೇ,” ಅಂದರು.

ಗಂಗರಾಜು ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಧನ್ಯಶ್ರೀ ಊಟದ ಡಬ್ಬಿ ಮುಚ್ಚಿಟ್ಟಳು. ಕಣ್ಣಿಗೆ ಹುಣಸೆಮರ ಬಂತು. ಅದರಡಿ ತಾನು ಮತ್ತೆ ಕೈ ಅಡ್ಡ ಹಾಕಿಕೊಂಡು ನಿಂತಿದ್ದು, ಬಸ್ಸು ಹೋಗುತ್ತಲೇ ಇದ್ದದ್ದು ಕಂಡಿತು.

“ನನ್ನ ಕೇಳು ಈಗ,” ಅಂದರು ಗಂಗರಾಜು. “ನಾನು ಎಲ್ಲಿಗೂ ಹೊರಟಿಲ್ಲ. ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೀನಿ. ಕೇಳು.”

“ಎಲ್ಲಿಗೆ ಗಂಗರಾಜಣ್ಣ?” ಅಂದಳು. ಸಲೀಸಾಗಿ ಬಂತು.

“ಬಂತಲ್ಲ!” ಎಂದು ಅವರು ಖುಷಿಯಾಗಿ ಎದ್ದು, ಚೀಲ ಹೆಗಲಿಗೆ ಹಾಕಿದರು. “ಈಗ ಬಸ್ ಹತ್ತಕ್ಕೆ ಹೊರಟೆ. ಈಗ ಕೇಳು.”

“ಎಲ್…” ಕೆಮ್ಮು ಬಂತು.

ಗಂಗರಾಜು ಚೀಲ ಕೆಳಗಿಳಿಸಿದರು. “ಬುಡು, ನೋಡಾನ.”

ಅವರು ಏನು ಮಾಡಿದರೋ, ನಿಂಗಮ್ಮನ ಕಿವಿಯಲ್ಲಿ ಏನು ಊದಿದರೋ. ನಿಂಗಮ್ಮನ ಕಿವಿಗೆ ಬಿದ್ದದ್ದು ಸೊಪ್ಪಿನ ಜೊತೆ ಮನೆಮನೆಗೂ ಹಂಚಿಕೆಯಾಗುತ್ತದೆ. ಎರಡೇ ದಿನದಲ್ಲಿ ಆ ಬಸ್ಸಿನ ರೀತಿಯೇ ಬದಲಾಯಿತು. ಜನ ಮೆಟ್ಟಿಲ ಮೇಲೆ ಕಾಲಿಡುವಾಗಲೇ ಸಂತೆಯಲ್ಲಿ ಕೂಗಿದ ಹಾಗೆ ಊರು ಕೂಗತೊಡಗಿದರು. “ತಿಪಟೂರೂ!” “ನೊಣವಿನಕೆರೆ, ಎರಡು ಫುಲ್ಲು ಒಂದು ಹಾಫು!” ಹುಡುಗಿಗೆ ಸಹಾಯವಾಗಲಿ ಎಂದು ಕೆಲವರು ಕೇಳದ್ದನ್ನೂ ಹೇಳಿದರು. ಹಣ್ಣು ಹಣ್ಣು ಮುದುಕರೊಬ್ಬರು, “ತಿಪಟೂರು ಆಸ್ಪತ್ರೆ, ಮೂಲವ್ಯಾಧಿ!” ಎಂದು ಕೂಗಿ, ಅಲ್ಲಿಯೇ ಜಾಗ ಬಿಟ್ಟುಕೊಡಲು ಬಂದವನಿಗೆ, “ಬ್ಯಾಡಪ್ಪ, ಕೂರಕ್ಕಾಗಿದ್ರೆ ಆಸ್ಪತ್ರೆಗೆ ಯಾಕೆ ಹೋಗ್ತಿದ್ದೆ,” ಅಂದರು. ಸದಾಶಿವಯ್ಯನವರು ಕೂಡ ಬಂದು, “ತಿಪಟೂರು ಮಾರ್ಕೆಟ್, ನಾನು ನನ್ನ ತಮ್ಮ ಇಬ್ಬರೂ, ಒಂದೇ ಚೀಲ,” ಎಂದು ಎಲ್ಲರಿಗೂ ಕೇಳುವಂತೆ ಸಾರಿದರು.

ಹೀಗೆ ಸೋಮವಾರ ಬಂತು.

ಕಲ್ಬಾವಿ ಪಾಳ್ಯದ ಹುಣಸೆಮರದಡಿ ಅವತ್ತು ತಿಮ್ಮಕ್ಕ ನಿಂತಿದ್ದಳು. ಹಬ್ಬದ ಸೀರೆ, ಕಂಕುಳಲ್ಲಿ ಹಿತ್ತಾಳೆ ಚೊಂಬು. ಅವಳು ಕೈ ಅಡ್ಡ ಹಾಕುವ ಮೊದಲೇ ಧನ್ಯಶ್ರೀ ಸೀಟಿ ಊದಿ, “ಹೋಲ್ಡಾನ್!” ಅಂದಳು. ಬಸ್ಸು ಮರದ ನೆರಳಿನಲ್ಲೇ ನಿಂತಿತು.

“ನಿನ್ನ ಬಸ್ ನೋಡಾನ ಅಂತ ಬಂದೆ ಕಣೇ. ತಿಪಟೂರ್ ಮುಟ್ಟಿ, ಇದರಲ್ಲೇ ವಾಪಸ್ ಬತ್ತೀನಿ,” ಎಂದು ತಿಮ್ಮಕ್ಕ ಕಾರ್ಡು ತೋರಿಸಿ, ಮುಂದಿನ ಸೀಟಿನಲ್ಲಿ ಕೂತು, ಮೊಮ್ಮಗಳ ಖಾಕಿ ಅಂಗಿಯನ್ನು ಕೈಯಿಂದ ಸವರಿದಳು. “ಬಟ್ಟೆ ದಪ್ಪ ಐತೆ. ಬಾಳಿಕೆ ಬತ್ತೈತೆ.”

ನೊಣವಿನಕೆರೆಯಲ್ಲಿ ಮಹಾಂತೇಶ್ ಹತ್ತಿದರು. ಸೀಟು ಬಿಟ್ಟುಕೊಟ್ಟವರಿಗೆಲ್ಲ ಬೇಡ ಎಂದು ಕೈ ಆಡಿಸಿ, ಕಂಬಿ ಹಿಡಿದು ನಡುವೆ ನಿಂತರು. ಹಿಂದೆಯೇ ಹತ್ತಿದ ಅಷ್ಟೂ ಜನ ಅಭ್ಯಾಸದ ಮೇಲೆ, “ತಿಪಟೂರು!” “ತಿಪಟೂರು ಎರಡು!” “ಮಾರ್ಕೆಟ್, ಅಣ್ಣತಮ್ಮ!” ಎಂದು ಕೂಗಿದರು. ಧನ್ಯಶ್ರೀ ಟಕಟಕ ಚೀಟಿ ಹರಿದುಕೊಟ್ಟಳು.

ಮಹಾಂತೇಶ್ ಹುಬ್ಬೇರಿಸಿದರು. “ಏನ್ರೀ ಇದು, ಹರಾಜಾ? ಯಾರೂ ಬಾಯಿ ಬಿಡ್ಬೇಡಿ. ಕಂಡಕ್ಟ್ರೇ, ಬಾಮ್ಮ ಇಲ್ಲಿ. ನಾನು ಪ್ಯಾಸೆಂಜರ್ರು. ಕೇಳು.”

ಧನ್ಯಶ್ರೀ ಹತ್ತಿರ ಬಂದಳು. ಇಷ್ಟು ದಿನ ಜನರ ಕೈ ನೋಡಿ ನೋಡಿ ಕಣ್ಣಿಗೆ ಅದೇ ಚಾಳಿ. ಈಗಲೂ ನೋಡಿತು. ಮಹಾಂತೇಶರ ಮೈಮೇಲೆ ಡ್ಯೂಟಿಯ ಬಟ್ಟೆ ಇರಲಿಲ್ಲ. ಮಡಿಕೆ ಇನ್ನೂ ಮುರಿಯದ ಹೊಸ ಬಿಳೀ ಅಂಗಿ. ಹಣೆ ತುಂಬ ಆಗತಾನೇ ಬಳಿದ ವಿಭೂತಿ. ಕಂಕುಳಲ್ಲಿ ಫೈಲು, ಫೈಲಿನ ಸಂದಿಯಿಂದ ಇಣುಕುವ ಒಂದು ಬಿಲ್ವಪತ್ರೆ. ಜೇಬಿನಲ್ಲಿ ದುಂಡಗೆ ನಿಂಬೆಹಣ್ಣು.

ಇವರು ನನ್ನ ಪರೀಕ್ಷೆ ಮಾಡುವುದಕ್ಕೆ ಮಾತ್ರ ಹೊರಟಿಲ್ಲ ಎಂದು ಅವಳಿಗೆ ಗೊತ್ತಾಗಿಹೋಯಿತು. ಏನೋ ದೊಡ್ಡ ಕೆಲಸಕ್ಕೇ ಹೊರಟಿದ್ದಾರೆ. ಅದೂ ಮಠಕ್ಕೆ ಹೋಗಿ ಬಂದು. ಆ ಬಿಳೀ ಅಂಗಿ ನೋಡಿ ಅವಳಿಗೆ ಗಂಜಿ ಹಾಕಿದ ಮಾವನ ಅಂಗಿ ನೆನಪಾಯಿತು.

“ಸಾರ್,” ಅಂದಳು ಮೆಲ್ಲಗೆ, “ಇವತ್ತು ಬ್ಯಾಡ ಸಾರ್. ನಾಳೆ ಕೇಳ್ತೀನಿ.”

“ಯಾಕೆ? ನಾಳೆ ಬಸ್ ಖಾಲಿ ಬತ್ತೈತಾ?”

“ನಿಮ್ಮ ಒಳ್ಳೇದಕ್ಕೇ ಸಾರ್.”

“ನನ್ನ ಒಳ್ಳೇದು ನಾನು ನೋಡ್ಕೋತೀನಿ. ನಿನ್ನ ಕೆಲಸ ಬೇಕೋ ಬೇಡ್ವೋ? ಕೇಳ್ತೀಯೋ ಸೀಟಿ ಕೊಟ್ಟು ಇಳೀತೀಯೋ?”

ದುರ್ಗಯ್ಯನ ಬೆನ್ನೂ ಮಾತಾಡಲಿಲ್ಲ. ಗಂಗರಾಜು ಕಿಟಕಿಯ ಕಡೆ ಮುಖ ಮಾಡಿ ತೆಂಗಿನ ಮರ ನೋಡುತ್ತಿದ್ದರು, ಮೊದಲ ಸಲ ಕಂಡವರ ಹಾಗೆ. ಧನ್ಯಶ್ರೀ ಒಂದು ಕೈಯಿಂದ ಸೀಟಿ ಹಿಡಿದುಕೊಂಡಳು. ಕೊಡುವುದಕ್ಕೆ ಅಲ್ಲ. ಬಿಟ್ಟರೆ ಹೋದೀತು ಎಂದು. ಒದ್ದೆ ಅಂಗಿಯ ಮಾವ ಬಂದು ಎದುರಿಗೆ ನಿಂತ. ಕೆಮ್ಮಿದ. ಇವಳು ಕಣ್ಣು ಮುಚ್ಚಿ, ಸೀಟಿ ಊದುವಷ್ಟು ಜೋರಾಗಿ ಕೇಳಿಬಿಟ್ಟಳು.

“ನಮಸ್ಕಾರ! ಎಲ್ಲಿಗೆ ಸಾರ್?”

ಕೇಳಿದ್ದು ಮಾತು. ಬಿದ್ದದ್ದು ಬಾಂಬು. ನಿಂಗಮ್ಮ “ಶಿವ ಶಿವಾ” ಅಂದಳು.

ಮಹಾಂತೇಶ್ ನಗುತ್ತಾ, “ಹಾಂ, ಹಂಗೆ! ತಿಪ…” ಅಂದರು. ನಗು ಅರ್ಧಕ್ಕೆ ನಿಂತಿತು. ‘ಟೂರು’ ಹೊರಗೆ ಬರಲಿಲ್ಲ. ಕೈ ತಾನಾಗಿಯೇ ಜೇಬಿನ ನಿಂಬೆಹಣ್ಣು ಮುಟ್ಟಿ ನೋಡಿತು. ಬಸ್ಸು ಎರಡು ಗುಂಡಿ ಹತ್ತಿ ಇಳಿಯಿತು. ಅವರ ಹಣೆಯ ವಿಭೂತಿಯ ಮೇಲೆ ಬೆವರು ಸಾಲಾಗಿ ಎದ್ದಿತು. ಮೂರನೆಯ ಗುಂಡಿಗೆ ಅವರೇ ತಡೆಯಲಾರದೆ ಕೂಗಿದರು.

“ಹೋಲ್ಡಾನ್!”

ದುರ್ಗಯ್ಯ ನಿಲ್ಲಿಸಿದ. ಮಹಾಂತೇಶ್ ಯಾರ ಮುಖವನ್ನೂ ನೋಡದೆ, “ಹಿಂದಿನ ಟೈರು ಯಾಕೋ ಮೆತ್ತಗೈತೆ,” ಎಂದು ಇಳಿದರು.

“ಬೆಳಿಗ್ಗೆ ತಾನೇ ಗಾಳಿ ಹೊಡ್ಸಿದ್ದೀನಿ ಸಾರ್!”

“ಮೆತ್ತಗೈತೆ ಅಂದ್ನಲ್ಲಯ್ಯ!”

ಅವರು ಟೈರನ್ನು ಬೂಟಿನಲ್ಲಿ ಒಂದು ಸಲ ಒದ್ದರು. ಆಚೀಚೆ ನೋಡಿದರು. ಅಲ್ಲಿ ಒಂದು ಮೋರಿಕಟ್ಟೆ ಇತ್ತು. ಹೊಸ ಪ್ಯಾಂಟಿನ ಕೆಳಗೆ ಕರವಸ್ತ್ರ ಹಾಸಿ, ಅದರ ಮೇಲೆ ಕೂತರು. ಕೂತು, ಅತ್ತ ಯಾವುದೋ ತೋಟದ ಕಡೆ ನೋಡುತ್ತಾ, ಟೈರನ್ನು ಕೇಳಿದ ಹಾಗೆ ಕೇಳಿದರು. “ಯಾರತ್ರನಾದ್ರೂ ಒಂದು ಗುಟುಕು ನೀರೈತಾ?”

ಬಸ್ಸಿನ ಆ ಪಕ್ಕದ ಕಿಟಕಿಗಳಿಂದೆಲ್ಲ ಕೈಗಳು ಹೊರಗೆ ಬಂದವು. ಬಾಟಲಿ, ಲೋಟ, ಫ್ಲಾಸ್ಕಿನ ಮುಚ್ಚಳ, ಯಾರದೋ ಮಗುವಿನ ಗೊಂಬೆಯ ಆಕಾರದ ನೀರಿನ ಡಬ್ಬಿ. ಎಲ್ಲರಿಗಿಂತ ಮೊದಲು ಇಳಿದು ಹೋದವಳು ತಿಮ್ಮಕ್ಕ. ಚೊಂಬು ಚಾಚಿ, “ಕುಡೀರಿ ಸ್ವಾಮಿ, ನಿಧಾನಕ್ಕೆ. ಗಂಟಲಿಗೆ ಸಿಕ್ಕುಸ್ಕಬ್ಯಾಡಿ. ನನ್ನ ಮಗ ಹಂಗೇ ಕೆಟ್ಟ,” ಅಂದಳು.

ಮಹಾಂತೇಶ್ ಕುಡಿದರು. ಚೊಂಬು ಪೂರ್ತಿ.

“ಅಜ್ಜಿ,” ಅಂದರು ಕೊನೆಗೆ, ದನಿ ತಗ್ಗಿಸಿ. “ಸಂಜೆ ತುಮಕೂರಲ್ಲಿ ಪ್ರಮೋಷನ್ ಇಂಟರ್‌ವ್ಯೂ. ಮನೇಲಿ ಹೆಂಡ್ತಿ ಬಿಟ್ರೆ ಯಾರಿಗೂ ಹೇಳಿಲ್ಲ. ತಿಪಟೂರಲ್ಲಿ ರೈಲು ಹಿಡೀಬೇಕು. ಈಗ ಸರಿಹೋಯ್ತಲ್ವಾ?”

“ಸರಿಹೋಯ್ತು ಬುಡಿ. ಆದ್ರೆ ನೀವು ಇಷ್ಟೆಲ್ಲಾ ಮಾಡೋ ಹಂಗೇ ಇರ್ಲಿಲ್ಲ. ಕೂತೋರ್ನ ಕೇಳಿದ್ರೆ ಏನೂ ಆಗಲ್ಲ ಸ್ವಾಮಿ. ಕೂತೋನು ಹೊರಟೋನು ಹೆಂಗಾಯ್ತಾನೆ? ನಿಮಗೆ ಅಷ್ಟು ಜನ ಸೀಟ್ ಕೊಟ್ರು. ನೀವು ಕಂಬಿ ಹಿಡ್ಕಂಡು ನಿಂತ್ಕಂಡ್ರಿ.”

ಧನ್ಯಶ್ರೀ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಅಜ್ಜಿ! ಇದನ್ನ ಮೊದಲೇ ಹೇಳಕ್ಕೇನಾಗಿತ್ತು?”

“ನೀನು ಕೇಳಿದ್ಯೇನೇ?” ಅಂದಳು ತಿಮ್ಮಕ್ಕ. “ಎಲ್ಲಾರ್ನೂ ಕೇಳೋ ಕೆಲಸ ನಿಂದು. ನನ್ನ ಕೇಳ್ಲಿಲ್ಲ.”

“ನಿಂತಿರೋರ್ನ ಏನ್ ಮಾಡ್ಲಿ ಮತ್ತೆ?”

ತಿಮ್ಮಕ್ಕ ಸ್ವಲ್ಪ ಯೋಚಿಸಿದಳು. “ನೀರ್ ಕೊಡು.”

ಮಹಾಂತೇಶ್ ಮತ್ತೆ ಬಸ್ ಹತ್ತಿದರು, ಬಲಗಾಲು ಮುಂದಿಟ್ಟು. ಸದಾಶಿವಯ್ಯ ಎದ್ದು ಜಾಗ ಕೊಟ್ಟರು. ಈ ಸಲ ಬೇಡ ಅನ್ನಲಿಲ್ಲ. ಬೆನ್ನು ಒರಗಿಸಿ, ಕೈ ಎರಡೂ ತೊಡೆಯ ಮೇಲಿಟ್ಟು, ಫೋಟೋಗೆ ಕೂತ ಹಾಗೆ ಕೂತು, “ಈಗ ಕೇಳಮ್ಮ,” ಅಂದರು.

“ನಮಸ್ಕಾರ. ಎಲ್ಲಿಗೆ ಸಾರ್?”

“ತಿಪಟೂರು.”

ಬಸ್ಸಿನವರೆಲ್ಲ ಉಸಿರು ಬಿಟ್ಟರು. ತಿಪಟೂರು ಬರುವವರೆಗೂ ಮಹಾಂತೇಶ್ ಸೀಟಿನಿಂದ ಅಲ್ಲಾಡಲಿಲ್ಲ. ಇಳಿಯುವ ಮೊದಲು ಅವಳ ತರಬೇತಿ ಕಾಗದ ಕೇಳಿ ತೆಗೆದುಕೊಂಡು, ತೊಡೆಯ ಮೇಲಿಟ್ಟು ಸಹಿ ಹಾಕಿದರು. ಷರಾ ಎಂದಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಪೆನ್ನು ಆಡಿಸಿ ಬರೆದರು. ‘ಪ್ರಯಾಣಿಕರನ್ನು ವಿಚಾರಿಸುವ ರೀತಿ ಬಹಳ ಪರಿಣಾಮಕಾರಿ.’

ಅವರಿಗೆ ಪ್ರಮೋಷನ್ ಸಿಕ್ಕಿತು. ಅಂಕ ಚೆನ್ನಾಗಿದ್ದವು ಎಂದು ಅವರು ಹೇಳುತ್ತಾರೆ. ನೀರು ಚೆನ್ನಾಗಿತ್ತು ಎಂದು ತಿಮ್ಮಕ್ಕ ಹೇಳುತ್ತಾಳೆ. ಈಗಲೂ ಅವರು ಆ ದಾರಿಯಲ್ಲಿ ಬರುವುದುಂಟು. ಧನ್ಯಶ್ರೀ ಹತ್ತಿರ ಬರುವಷ್ಟರಲ್ಲಿ ಎಲ್ಲಾದರೂ ಕೂತುಬಿಡುತ್ತಾರೆ. ಸೀಟಿಲ್ಲದಿದ್ದರೆ ನಿಂಗಮ್ಮನ ಬುಟ್ಟಿಯ ಪಕ್ಕ, ಅದೂ ಇಲ್ಲದಿದ್ದರೆ ಡ್ರೈವರ್ ಪಕ್ಕದ ಎಂಜಿನ್ನಿನ ಮೇಲೆ. ಅದು ಸುಡುತ್ತದೆ. ಆದರೂ ಕೂರುತ್ತಾರೆ.

ಧನ್ಯಶ್ರೀ ಈಗ ಒಬ್ಬಳೇ ಬಸ್ಸು ನೋಡಿಕೊಳ್ಳುತ್ತಾಳೆ. ಎಲ್ಲರನ್ನೂ ಕೇಳುತ್ತಾಳೆ. ಕಂಡಕ್ಟರ್ ಸೀಟಿನ ಕೆಳಗೆ ನೀರಿನ ಕ್ಯಾನು ಒಂದಿದೆ. ಬಿಸಿಲ ಬಾಯಾರಿಕೆಗೆ ಇಟ್ಟಿದ್ದಾಳೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ.

ಮೊನ್ನೆ ಹುಣಸೆಮರದಡಿ ಶಿವಣ್ಣ ಕೈ ಅಡ್ಡ ಹಾಕಿದ. ಗಂಜಿ ಹಾಕಿದ ಬಿಳೀ ಅಂಗಿ, ಉಳಿದ ಕೂದಲಿಗೆ ಎಣ್ಣೆ. ಹತ್ತಿದವನೇ ಓಡಿಹೋಗಿ ಕಿಟಕಿ ಪಕ್ಕ ಕೂತ. ಕೂತು, ಎರಡೂ ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದ. ಚೀಲದಿಂದ ಬಾಟಲಿ ತೆಗೆದು ಒಂದು ಗುಟುಕು ಕುಡಿದು, ಇನ್ನೊಂದು ಗುಟುಕು ಬಾಯಲ್ಲೇ ಇಟ್ಟುಕೊಂಡು, ಕೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದ.

“ಎಲ್ಲಿಗೆ ಮಾವಾ?”

ನೀರು ನುಂಗಿ, “ತುರುವೇಕೆರೆ,” ಅಂದ. ಕೆಮ್ಮು ಬರಲಿಲ್ಲ. ಅಂಗಿ ಒಣಗಿಯೇ ಇತ್ತು.

ತುರುವೇಕೆರೆ ಬಂತು. ಜನ ಇಳಿದರು. ಶಿವಣ್ಣ ಕಂಬಿ ಬಿಡಲಿಲ್ಲ.

“ಇಳಿ ಮಾವ, ಊರು ಬಂತು. ಹೆಣ್ಣಿನ ಕಡೆಯೋರು ಕಾಯ್ತಿರ್ತಾರೆ.”

“ತಡಿಯೇ,” ಅಂದ ಶಿವಣ್ಣ, ಕಿಟಕಿಯಿಂದ ಬಸ್‌ಸ್ಟ್ಯಾಂಡನ್ನು ಒಂದು ಸುತ್ತು ನೋಡಿ. “ಈಗ ಎದ್ದೆ ಅಂದ್ರೆ ಹೊರಟಂಗೆ ಆಯ್ತದೆ. ಅಲ್ಲಿ ಆಟೋದೋರು ಸಾಲಾಗಿ ನಿಂತವ್ರೆ, ನೋಡು.”

ಧನ್ಯಶ್ರೀ ನೋಡಿದಳು. ಆಟೋದವರು ಕೆಲಸವೇ ಅದು ಎಂಬಂತೆ ಇಳಿದವರನ್ನೆಲ್ಲ ‘ಎಲ್ಲಿಗೆ, ಎಲ್ಲಿಗೆ’ ಎಂದು ಕೇಳುತ್ತಿದ್ದರು. ಅವಳು ಸೀಟಿನ ಕೆಳಗಿನ ಕ್ಯಾನು ಎತ್ತಿ ಮಾವನ ಕೈಗಿಟ್ಟು, ಸೀಟಿ ಬಾಯಿಗಿಟ್ಟುಕೊಂಡು, ದಾರಿ ಬಿಡಿಸಲು ಮುಂದೆ ಇಳಿದಳು.